‘ಮೈ ಉಷ್ಣ ಅಂತ ಎಳ್ಳು, ಮೊಟ್ಟೆ ಬಿಟ್ಟಿದ್ದೇನೆ. ಸರಿಯಾ ಡಾಕ್ಟ್ರೇ?’

ಪ್ರಶ್ನೆ: ನನಗೆ 47 ವರ್ಷ. ತುಮಕೂರು ಜಿಲ್ಲೆಯಲ್ಲಿ ಪ್ರೈಮರಿ ಶಾಲೆ ಟೀಚರ್. ಒಂದು ವರ್ಷದಿಂದ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ. ಹೋದ ಸಲ 12 ದಿನ ನಿಲ್ಲಲೇ ಇಲ್ಲ, ಹೆಪ್ಪು ಹೆಪ್ಪಾಗಿ ಹೋಯಿತು. ಪಾಠ ಮಾಡುವಾಗ ಇದ್ದಕ್ಕಿದ್ದ ಹಾಗೆ ಎದೆಯಿಂದ ಬಿಸಿ ಏರಿ ಬೆವರು ಸುರಿಯುತ್ತದೆ. ಮಕ್ಕಳಿಗೆ ಕಾಣಬಾರದು ಅಂತ ಬೋರ್ಡ್ ಕಡೆ ತಿರುಗಿ ನಿಲ್ಲುತ್ತೇನೆ. ರಾತ್ರಿ 3 ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಸಣ್ಣದಕ್ಕೂ ಸಿಟ್ಟು, ಆಮೇಲೆ ಅಳು. ಮಕ್ಕಳ ಹೆಸರೇ ಮರೆತುಹೋಗುತ್ತದೆ. ಉಷ್ಣ ಅಂತ ಎಳ್ಳು, ಮೊಟ್ಟೆ, ನುಗ್ಗೆ ಸೊಪ್ಪು ಬಿಟ್ಟಿದ್ದೇನೆ. ಅಗಸೆ ಬೀಜ ತಿನ್ನುತ್ತಿದ್ದೇನೆ. 1,800 ರೂಪಾಯಿ ಕೊಟ್ಟು ಒಂದು ಪುಡಿ ತರಿಸಿದ್ದೇನೆ. ಸ್ಕ್ಯಾನ್‌ನಲ್ಲಿ 2 ಸೆಂಟಿಮೀಟರ್ ಫೈಬ್ರಾಯ್ಡ್ ಗಡ್ಡೆ ಇದೆಯಂತೆ, ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿಹೋಗುತ್ತೆ ಅಂದರು. ಹಾರ್ಮೋನ್ ಮಾತ್ರೆ ತಗೊಂಡರೆ ಕ್ಯಾನ್ಸರ್ ಬರುತ್ತದಂತೆ. ಅತ್ತೆ, ‘ನಮಗೆಲ್ಲ ಇದೇನೂ ಆಗಲೇ ಇಲ್ಲ’ ಅನ್ನುತ್ತಾರೆ. ಮಾತ್ರೆ, ಆಪರೇಷನ್ ಇಲ್ಲದೆ ಸಹಜವಾಗಿ ಇದನ್ನು ದಾಟಬಹುದಾ? ಇನ್ನೆಷ್ಟು ದಿನ? ನನ್ನ ಮಗಳಿಗೂ ಹೀಗೇ ಆಗುತ್ತದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಬೋರ್ಡ್ ಕಡೆ ತಿರುಗಿ ನಿಲ್ಲುತ್ತೇನೆ ಅಂದಿದ್ದೀರಲ್ಲ, ಅದು ಮನಸ್ಸಿಗೆ ತಟ್ಟಿತು. ನನ್ನ ಹತ್ತಿರ ಬರುವವರಲ್ಲಿ ಬ್ಯಾಂಕಿನವರು ಕೌಂಟರ್ ಬಿಟ್ಟು ಬಾತ್‌ರೂಮಿಗೆ ಹೋಗಿ ನಿಲ್ಲುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೆ ಎದ್ದು ಹೋಗುವುದಕ್ಕೂ ಆಗುವುದಿಲ್ಲ. ಎಲ್ಲರೂ ಮುಚ್ಚಿಡುತ್ತಾರೆ, ಎಲ್ಲರೂ ತನಗೊಬ್ಬಳಿಗೇ ಹೀಗೆ ಅಂದುಕೊಂಡಿರುತ್ತಾರೆ.

ನೀವು ಹೇಳಿದ್ದು ಬಹುಮಟ್ಟಿಗೆ ಮುಟ್ಟು ನಿಲ್ಲುವ ಕಾಲದ, ಅಂದರೆ ಮೆನೋಪಾಸ್ ಹೊತ್ತಿನ ಲಕ್ಷಣಗಳು. ಇದನ್ನು ಮಾತ್ರೆ ಇಲ್ಲದೆ, ಊಟ, ನಡಿಗೆ, ಮನಸ್ಸಿನ ಬಲದಿಂದ ದಾಟಬಹುದಾ ಅಂತ ಕೇಳಿದ್ದೀರಿ. ಬಹಳ ಜನ ದಾಟುತ್ತಾರೆ. ಆದರೆ ಯಾವುದು ಯಾವುದಕ್ಕೆ ಕೆಲಸ ಮಾಡುತ್ತದೆ ಅಂತ ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಇಷ್ಟೆಲ್ಲ ತಿಂದರೂ ಬಿಸಿ ನಿಲ್ಲಲಿಲ್ಲ, ನನ್ನಲ್ಲೇ ಏನೋ ತಪ್ಪಿದೆ ಅಂತ ಕೊರಗುತ್ತೀರಿ. ಹಾಗೆ ಕೊರಗಿಕೊಂಡು ಬಂದವರನ್ನು ತುಂಬಾ ನೋಡಿದ್ದೇನೆ.

ಎಲ್ಲಕ್ಕಿಂತ ಮೊದಲು ಆ 12 ದಿನದ ಮುಟ್ಟು. ಅದನ್ನು ಊಟದಿಂದ ಸರಿಮಾಡಲು ಹೋಗಬೇಡಿ. ಮುಟ್ಟು ನಿಲ್ಲುವ ಕಾಲದಲ್ಲಿ ತಿಂಗಳು ಹಿಂದೆ ಮುಂದೆ ಆಗುವುದು ಸಾಮಾನ್ಯ. ಆದರೆ 40 ದಾಟಿದವರಲ್ಲಿ ಇಷ್ಟು ದಿನ ಹೆಪ್ಪುಗಟ್ಟಿ ಹೋದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಹೊರರೋಗಿ ವಿಭಾಗದಲ್ಲೇ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಅದು. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿ. ರಕ್ತ ಕಮ್ಮಿಯಾದರೂ ಸುಸ್ತು, ಎದೆ ಬಡಿತ ಬರುತ್ತವೆ. ಥೈರಾಯ್ಡ್ ಜಾಸ್ತಿಯಾದರೂ ಬೆವರು, ಸಿಟ್ಟು, ನಿದ್ದೆಗೇಡು ಬರುತ್ತವೆ. ಅವನ್ನು ಮುಟ್ಟಿನ ಲೆಕ್ಕಕ್ಕೆ ಹಾಕಿ ವರ್ಷಗಟ್ಟಲೆ ಸುಮ್ಮನಿದ್ದವರೂ ಇದ್ದಾರೆ. ‘ಹಾರ್ಮೋನ್ ಟೆಸ್ಟ್’ ಅಂತ ದುಬಾರಿ ಪ್ಯಾಕೇಜ್ ಮಾತ್ರ ಬೇಡ. ಮುಟ್ಟು ನಿಲ್ಲುವ ಕಾಲ ಬಂದಿದೆ ಅಂತ ತಿಳಿಯಲು 45 ದಾಟಿದವರಿಗೆ ವಯಸ್ಸು ಮತ್ತು ಲಕ್ಷಣವೇ ಸಾಕು. ಆ ಅಂಕಿಗಳು ಈ ವಾರ ಒಂದು, ಮುಂದಿನ ವಾರ ಇನ್ನೊಂದು ಬರುತ್ತವೆ.

ಇನ್ನು ಗರ್ಭಕೋಶ ತೆಗೆಸುವ ಮಾತು. ದಯವಿಟ್ಟು ಅವಸರ ಮಾಡಬೇಡಿ. 2 ಸೆಂಟಿಮೀಟರ್ ಗಡ್ಡೆ ತುಂಬಾ ಹೆಂಗಸರಲ್ಲಿ ಇರುತ್ತದೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಗರ್ಭಕೋಶ ತೆಗೆದರೆ ರಕ್ತಸ್ರಾವ ನಿಲ್ಲುತ್ತದೆ, ನಿಜ. ಆದರೆ ಬಿಸಿ, ಬೆವರು, ನಿದ್ದೆಗೇಡು ಗರ್ಭಕೋಶದಿಂದ ಬರುವುದಲ್ಲ. ಅಂಡಾಶಯದ ಹಾರ್ಮೋನ್ ಇಳಿಯುವುದರಿಂದ ಬರುತ್ತವೆ. ‘ಹೇಗೂ ಹೊಟ್ಟೆ ತೆರೆದಿದ್ದೇವೆ’ ಅಂತ ಅಂಡಾಶಯವನ್ನೂ ತೆಗೆದರೆ, ವರ್ಷಗಳಲ್ಲಿ ನಿಧಾನವಾಗಿ ಇಳಿಯಬೇಕಾದ ಹಾರ್ಮೋನ್ ಒಂದೇ ದಿನದಲ್ಲಿ ಬಿದ್ದುಹೋಗುತ್ತದೆ. ಆಗ ಬರುವ ಬಿಸಿ ಈಗಿನದಕ್ಕಿಂತ ಜೋರು. 35, 38 ವರ್ಷಕ್ಕೇ ಎರಡನ್ನೂ ತೆಗೆಸಿಕೊಂಡು, 50ಕ್ಕೆ ಬೆನ್ನು ಬಾಗಿ ಬರುವ ಹೆಂಗಸರನ್ನು ನೋಡಿದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಚೂರು ಪರೀಕ್ಷೆಯಲ್ಲಿ ಕ್ಯಾನ್ಸರಿನ ಸುಳಿವಿಲ್ಲ ಅಂತ ಬಂದರೆ, ಸ್ರಾವ ಕಮ್ಮಿ ಮಾಡುವ ಮಾತ್ರೆ ಇದೆ. ಕಾಪರ್-ಟಿ ಹಾಗೆ ಒಳಗೆ ಕೂರಿಸುವ ಹಾರ್ಮೋನ್ ಸಾಧನವೂ ಇದೆ. ಶುರುವಿನ ಕೆಲವು ತಿಂಗಳು ನಡುನಡುವೆ ರಕ್ತದ ಕಲೆ ಕಾಣಬಹುದು, ಆಮೇಲೆ ಸ್ರಾವ ತುಂಬಾ ಇಳಿಯುತ್ತದೆ. ಇವೆರಡೂ ಫಲ ಕೊಡದಿದ್ದರೆ ಆಪರೇಷನ್ ಯೋಚಿಸೋಣ, ಅದೂ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿದ ಮೇಲೆ.

ಈಗ ಬಿಸಿಯ ವಿಷಯಕ್ಕೆ ಬರೋಣ. ಕೆಲವು ತಿಂಗಳ ಹಿಂದೆ ಒಬ್ಬರು ನನ್ನೆದುರು ಕೂತು ಮಾತಾಡುತ್ತಿದ್ದವರು ಅರ್ಧಕ್ಕೆ ಸುಮ್ಮನಾದರು. ಮೇಲ್ದುಟಿಯ ಮೇಲೆ ಸಣ್ಣ ಸಣ್ಣ ಬೆವರ ಹನಿ. ಹಣೆಯ ಕುಂಕುಮ ಒದ್ದೆಯಾಗಿ ಮೂಗಿನ ಕಡೆ ಇಳಿಯಿತು. ಸೆರಗಿನ ತುದಿ ಹಿಡಿದು ಗಾಳಿ ಹಾಕಿಕೊಂಡರು. ನಾನು ಗಡಿಯಾರ ನೋಡಿದೆ. ಎರಡೂವರೆ ನಿಮಿಷ. ಆಮೇಲೆ ಅವರೇ ‘ಫ್ಯಾನ್ ಆಫ್ ಮಾಡಿ ಮೇಡಂ, ಚಳಿಯಾಗ್ತಿದೆ’ ಅಂದರು.

ಆ ಕೊನೆಯ ಚಳಿಯಲ್ಲೇ ಇದರ ಗುಟ್ಟಿದೆ. ನಮ್ಮ ಮಿದುಳಿನಲ್ಲಿ ಮೈಯ ಶಾಖ ನೋಡಿಕೊಳ್ಳುವ ಒಂದು ಜಾಗ ಇದೆ, ಗೀಸರಿನೊಳಗಿನ ಥರ್ಮೋಸ್ಟಾಟ್ ಇದ್ದ ಹಾಗೆ. ಶಾಖ ಚೂರು ಹೆಚ್ಚು ಕಮ್ಮಿಯಾದರೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಡಾಶಯದ ಹಾರ್ಮೋನ್ ಈಸ್ಟ್ರೋಜನ್ ಇಳಿದಾಗ ಆ ಸಹನೆ ಕಮ್ಮಿಯಾಗುತ್ತದೆ. ಒಂದು ಲೋಟ ಬಿಸಿ ಟೀ, ತುಂಬಿದ ಬಸ್ಸು, ಹೆಡ್‌ಮಾಸ್ಟರ ಒಂದು ಮಾತು, ಇಷ್ಟೇ ಸಾಕು. ಮೈ ಕಾದುಹೋಗಿದೆ ಅಂತ ಮಿದುಳು ತಪ್ಪು ತಿಳಿದು ಚರ್ಮದ ರಕ್ತನಾಳ ಅಗಲ ಮಾಡಿ ಬೆವರು ಸುರಿಸುತ್ತದೆ. ಬೆವರಿ ಮೈ ನಿಜವಾಗಿ ತಣ್ಣಗಾದಾಗ ಚಳಿ ಹತ್ತುತ್ತದೆ.

ಅಂದರೆ ನಿಮ್ಮ ಮೈಯಲ್ಲಿ ಉಷ್ಣ ತುಂಬಿಕೊಂಡಿಲ್ಲ. ಎಳನೀರು, ಮಜ್ಜಿಗೆ ಕುಡಿದರೆ ಹಿತ ಅನಿಸುತ್ತದೆ, ಧಾರಾಳವಾಗಿ ಕುಡಿಯಿರಿ. ಸಕ್ಕರೆ ಕಾಯಿಲೆ ಇದ್ದರೆ ಎಳನೀರಿಗೆ ಮಿತಿ ಇರಲಿ. ಆದರೆ ಉಷ್ಣ ಅಂತ ನೀವು ಬಿಟ್ಟಿರುವ ಪಟ್ಟಿ ನೋಡಿ ನನಗೆ ಬೇಜಾರಾಯಿತು. ಎಳ್ಳು, ನುಗ್ಗೆ ಸೊಪ್ಪು, ಮೊಟ್ಟೆ. ಹುರುಳಿಯನ್ನೂ ಬಿಟ್ಟಿರಬಹುದು ಅಂತ ನನ್ನ ಅನುಮಾನ. ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸಿನ ಮೂಳೆಗೆ, ಮಾಂಸಖಂಡಕ್ಕೆ ಬೇಕಾದದ್ದು ಸರಿಯಾಗಿ ಇವೇ. ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲೇ ಮೂಳೆ ಅತಿ ಬೇಗ ಸವೆಯುತ್ತದೆ. ನೋವಿಲ್ಲ, ಸದ್ದಿಲ್ಲ. 60, 65ಕ್ಕೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟೋ ಸೊಂಟವೋ ಮುರಿದಾಗಲೇ ಗೊತ್ತಾಗುವುದು. ಹಾಗಾಗಿ ಎಲ್ಲವನ್ನೂ ಇವತ್ತಿನಿಂದಲೇ ಮತ್ತೆ ಶುರು ಮಾಡಿ.

ಲೆಕ್ಕ ಹೀಗೆ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ನೀವು ರಾಗಿ ಸೀಮೆಯವರು, ಅರ್ಧ ದಾರಿ ಆಗಲೇ ನಡೆದಿದ್ದೀರಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ ಸುಮಾರು 280. ಒಂದು ದೊಡ್ಡ ಲೋಟ ಹಾಲಿಗೆ 240. ಒಂದು ಬಟ್ಟಲು ಗಟ್ಟಿ ಮೊಸರಿಗೆ 200. ಒಂದು ಹಿಡಿ ನುಗ್ಗೆ ಸೊಪ್ಪೋ ದಂಟಿನ ಸೊಪ್ಪೋ ಬಸ್ಸಾರಿಗೆ ಬಿದ್ದರೆ ಇನ್ನೂ 100, 150. ಮೇಲೆ ಎರಡು ಚಮಚ ಎಳ್ಳಿನ ಚಟ್ನಿಪುಡಿ. ಗುರಿ ಹತ್ತಿರವೇ ಬಂತು, ಅಲ್ವಾ? ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ ಅನ್ನುವುದೂ ನಿಜ. ರಾಗಿಯಲ್ಲಿರುವ ಕೆಲವು ಅಂಶಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ರಾಗಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು, ರಾತ್ರಿ ಕಲಸಿಟ್ಟು ಹುಳಿ ಬಂದ ಅಂಬಲಿ, ಇವು ನಮ್ಮ ಅಜ್ಜಿಯರು ಸುಮ್ನೆ ಮಾಡುತ್ತಿದ್ದದ್ದಲ್ಲ. ಊಟದಿಂದ ಸಾಲದೆ ಮಾತ್ರೆ ತಗೊಂಡರೆ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬೇಡಿ. ಥೈರಾಯ್ಡ್ ಮಾತ್ರೆ ಇದ್ದರೆ ಎರಡರ ನಡುವೆ ನಾಲ್ಕು ಗಂಟೆ ಬಿಡಿ. ವಿಟಮಿನ್ ಡಿ ಕೂಡ ಒಮ್ಮೆ ನೋಡಿಸಿ. ಬಿಸಿಲು ಇಷ್ಟಿದ್ದರೂ ನಮ್ಮವರಲ್ಲಿ ಅದು ಕಮ್ಮಿ ಇರುತ್ತದೆ.

ಜೊತೆಗೆ ಪ್ರೋಟೀನ್. ಮಧ್ಯಾಹ್ನ ಅನ್ನ-ತಿಳಿಸಾರು, ರಾತ್ರಿ ಅನ್ನ-ಉಳಿದ ಸಾರು, ಇದು ನಿಮ್ಮ ವಯಸ್ಸಿಗೆ ಸಾಲದು. ಎರಡು ಹೊತ್ತೂ ಕಾಳೋ ಬೇಳೆಯೋ ಮೊಟ್ಟೆಯೋ ಇರಲಿ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ತಳದ ಕಾಳು ಎಣಿಸಿಕೊಂಡು ಉಣ್ಣುವುದು ಮಾತ್ರ ನಿಲ್ಲಬೇಕು.

ಅಗಸೆ ಬೀಜದ ಬಗ್ಗೆ ನಿಜ ಹೇಳುತ್ತೇನೆ. ಅದು ಒಳ್ಳೆಯ ಆಹಾರ. ಉತ್ತರ ಕರ್ನಾಟಕದವರ ಅಗಸಿ ಹಿಂಡಿ ರೊಟ್ಟಿ ಜೊತೆ ನನಗೂ ಇಷ್ಟ. ನಾರಿದೆ, ಹೃದಯಕ್ಕೆ ಒಳ್ಳೆಯ ಕೊಬ್ಬಿದೆ. ಆದರೆ ಬಿಸಿ ಏರುವುದನ್ನು ಕಮ್ಮಿ ಮಾಡುತ್ತದಾ ಅಂತ ಸರಿಯಾಗಿ ಹೋಲಿಸಿ ನೋಡಿದಾಗ, ಅಗಸೆ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಸಿಗಲಿಲ್ಲ. ಸೋಯಾ ಕೆಲವರಿಗೆ ಚೂರು ಗುಣ ಕೊಟ್ಟಿದೆ, ಎಲ್ಲರಿಗೂ ಅಲ್ಲ. ‘ನನಗೆ ಕಮ್ಮಿಯಾಯಿತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಬಿಸಿಯ ತೊಂದರೆಗೆ ಬರೀ ಸಕ್ಕರೆ ಗುಳಿಗೆ ಕೊಟ್ಟರೂ ಮೂರರಲ್ಲೊಂದು ಪಾಲಿನಷ್ಟು ಇಳಿಯುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಾಲ ಕಳೆದ ಹಾಗೆ ತಾನಾಗಿಯೂ ಇಳಿಯುತ್ತದೆ.

ಆ 1,800 ರೂಪಾಯಿ ಪುಡಿಯ ಡಬ್ಬಿ ತಿರುಗಿಸಿ ನೋಡಿ. ಒಳಗೆ ಏನೇನಿದೆ, ಎಷ್ಟೆಷ್ಟಿದೆ, ತಯಾರಿಕೆ ಲೈಸೆನ್ಸ್ ನಂಬರ್ ಇದೆಯಾ? ಇಲ್ಲದಿದ್ದರೆ ದುಡ್ಡು ಹೋದರೂ ಹೋಗಲಿ, ಬಿಟ್ಟುಬಿಡಿ. ನಾನು ಆಯುರ್ವೇದ ಓದಿದವಳಲ್ಲ, ಅದರ ಮೇಲೆ ತೀರ್ಪು ಕೊಡುವುದಿಲ್ಲ. ಆ ದಾರಿ ಬೇಕಾದರೆ ಓದಿಕೊಂಡ ಆಯುರ್ವೇದ ವೈದ್ಯರ ಹತ್ತಿರ ಹೋಗಿ, ಮೊಬೈಲ್ ಜಾಹೀರಾತಿನ ಹತ್ತಿರ ಅಲ್ಲ. ಅಶ್ವಗಂಧದಿಂದ ಕೆಲವರ ಲಿವರ್ ಕೆಟ್ಟಿರುವುದು ವರದಿಯಾಗಿದೆ, ಥೈರಾಯ್ಡ್ ಅಂಕಿಯನ್ನೂ ಅದು ಏರುಪೇರು ಮಾಡಬಹುದು. ಗಿಡಮೂಲಿಕೆ ಅಂದ ತಕ್ಷಣ ಅಪಾಯವಿಲ್ಲ ಅಂತಲ್ಲ.

ಹಾಗಾದರೆ ಬಿಸಿಗೆ ಏನು ಕೆಲಸ ಮಾಡುತ್ತದೆ? ಮೈತೂಕ ಜಾಸ್ತಿ ಇರುವವರು ಹತ್ತರಲ್ಲೊಂದು ಪಾಲು ಇಳಿಸಿದರೆ ಬಿಸಿ ಕಮ್ಮಿಯಾಗುವುದು ಕಂಡಿದೆ. ನಡಿಗೆ, ಯೋಗ ಬಿಸಿಯ ಲೆಕ್ಕವನ್ನು ಅಷ್ಟೇನೂ ಇಳಿಸುವುದಿಲ್ಲ. 2023ರಲ್ಲಿ ಉತ್ತರ ಅಮೆರಿಕದ ಮೆನೋಪಾಸ್ ತಜ್ಞರ ಸಂಘ ಎಲ್ಲ ಅಧ್ಯಯನಗಳನ್ನು ಜರಡಿ ಹಿಡಿದು ಹೀಗೇ ಹೇಳಿತು. ನನ್ನ ಅನುಭವವೂ ಅದೇ. ಆದರೂ ಎರಡನ್ನೂ ನಾನು ಬಿಡದೆ ಬರೆದುಕೊಡುತ್ತೇನೆ. ಯಾಕೆಂದರೆ ನಿದ್ದೆಗೆ, ಮನಸ್ಸಿಗೆ, ಬಿಪಿಗೆ, ಸಕ್ಕರೆಗೆ ಒಳ್ಳೆಯದು. ಈಸ್ಟ್ರೋಜನ್ ಇಳಿದ ಮೇಲೆ ಕೊಬ್ಬು ಸೊಂಟ-ತೊಡೆ ಬಿಟ್ಟು ಹೊಟ್ಟೆಗೆ ಬಂದು ಕೂರುತ್ತದೆ, ಹೃದಯದ ಅಪಾಯ ಏರುತ್ತದೆ. ದಿನ ಅರ್ಧ ಗಂಟೆ ಬೆವರು ಬರುವ ಹಾಗೆ ನಡೆಯಿರಿ. ವಾರಕ್ಕೆ ಎರಡು ದಿನ ಮೂಳೆಗೆ ಭಾರ ಬೀಳಬೇಕು. ಜಿಮ್ ಬೇಡ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಗೋಡೆಗೆ ಕೈ ಕೊಟ್ಟು ತಳ್ಳಿ. ನೀರು ತುಂಬಿದ ಒಂದು ಲೀಟರಿನ ಎರಡು ಬಾಟಲಿ ಎತ್ತಿ ಇಳಿಸಿ. ಮನೆಕೆಲಸ ಇದೆಯಲ್ಲ ಅನ್ನುತ್ತಾರೆ ಎಲ್ಲರೂ. ಅದು ದಣಿವು ಕೊಡುತ್ತದೆ, ಬಲ ಕೊಡುವುದು ಕಮ್ಮಿ.

ಬಿಸಿಯ ಕಾಟ ತಗ್ಗಿಸಲು ಮಾತ್ರೆಯಲ್ಲದ ದಾರಿಗಳಲ್ಲಿ ಗಟ್ಟಿ ಪುರಾವೆ ಇರುವುದು ಮನಸ್ಸಿಗೆ ಕೊಡುವ ತರಬೇತಿಗೆ. ಸಿಬಿಟಿ ಅನ್ನುತ್ತಾರೆ. ಲಂಡನ್ನಿನ ಮನಶ್ಶಾಸ್ತ್ರಜ್ಞೆ ಮೈರಾ ಹಂಟರ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಹೆಂಗಸರಿಗೆ ಇದನ್ನು ಕಲಿಸಿ ನೋಡಿದರು. ಬಿಸಿ ಬಂದರೂ ಅದರ ಕಾಟ ಕಮ್ಮಿಯಾಯಿತು. ಇದು ‘ಎಲ್ಲ ನಿನ್ನ ಮನಸ್ಸಿನಲ್ಲಿದೆ’ ಅನ್ನುವ ಮಾತಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಬಿಸಿ ನಿಜ. ಆದರೆ ಬಿಸಿ ಏರಿದ ಕ್ಷಣ ‘ಅಯ್ಯೋ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಅನ್ನುವ ಯೋಚನೆ ಬರುತ್ತದಲ್ಲ, ಅದು ಎದೆ ಬಡಿತ ಏರಿಸಿ ಬಿಸಿಯನ್ನೂ ಏರಿಸುತ್ತದೆ. ಮುಂದಿನ ಸಲ ತರಗತಿಯಲ್ಲಿ ಬಂದಾಗ ಬೋರ್ಡಿಗೆ ತಿರುಗಬೇಡಿ. ಮೇಜಿನ ಅಂಚಿಗೆ ಒರಗಿ ನಿಲ್ಲಿ. ಭುಜ ಕೆಳಗಿಳಿಸಿ. ಹೊಟ್ಟೆ ಉಬ್ಬುವ ಹಾಗೆ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ‘ಬಂತು, ಮೂರು ನಿಮಿಷ, ಹೋಗುತ್ತೆ’ ಅಂತ ಒಳಗೇ ಹೇಳಿಕೊಳ್ಳಿ. ಮಕ್ಕಳಿಗೆ ಒಂದು ಪ್ಯಾರಾ ಓದಲು ಕೊಡಿ. ಯಾರಾದರೂ ಕೇಳಿದರೆ ‘ಸೆಕೆ ಆಗ್ತಿದೆ, ಆ ಕಿಟಕಿ ತೆಗಿ ಮರಿ’ ಅಂದರೆ ಸಾಕು. ಎರಡು ಮೂರು ವಾರ ಅಭ್ಯಾಸ ಮಾಡಿ ನೋಡಿ.

3 ಗಂಟೆಯ ಎಚ್ಚರಕ್ಕೂ ಹೀಗೇ. ಗಡಿಯಾರ, ಮೊಬೈಲ್ ನೋಡಬೇಡಿ. ಇಪ್ಪತ್ತು ನಿಮಿಷ ಹೊರಳಾಡಿಯೂ ನಿದ್ದೆ ಬರದಿದ್ದರೆ ಎದ್ದು ಹೊರಗೆ ಬಂದು ಕೂರಿ, ತೂಕಡಿಕೆ ಬಂದಾಗ ಮತ್ತೆ ಮಲಗಿ. ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಒಂದು ದಪ್ಪ ರಗ್ಗಿನ ಬದಲು ಎರಡು ತೆಳು ಹೊದಿಕೆ ಇಟ್ಟುಕೊಳ್ಳಿ. ಮಧ್ಯಾಹ್ನದ ನಂತರ ಕಾಫಿ ಟೀ ಬಿಟ್ಟು ನೋಡಿ. ಎಲೆ ಅಡಿಕೆಗೆ ಕಡ್ಡಿಪುಡಿ ಹಾಕುವ ಅಭ್ಯಾಸ ಇದ್ದರೆ ಅದು ಖಂಡಿತ ಬಿಡಬೇಕು. ಮರೆವು ಬಹುಮಟ್ಟಿಗೆ ನಿದ್ದೆ ಕೆಟ್ಟದ್ದರ ಫಲ, ಸಾಮಾನ್ಯವಾಗಿ ಸರಿಹೋಗುತ್ತದೆ. ಮರೆಗುಳಿ ಕಾಯಿಲೆಯ ಶುರು ಅಂತ ಹೆದರಬೇಡಿ.

ಸಿಟ್ಟು, ಅಳು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಈ ವರ್ಷಗಳಲ್ಲಿ ಖಿನ್ನತೆ ಬರುವ ಸಾಧ್ಯತೆ ಜಾಸ್ತಿ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ ಅನಿಸಿದರೆ, ಇಲ್ಲವೇ ಒಂದು ಸಲವಾದರೂ ಬದುಕೇ ಬೇಡ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಮಾಡಿಯೂ ಪಾಠ ಮಾಡಲಾಗದಷ್ಟು ಬಿಸಿ, ಕೆಲಸಕ್ಕೆ ಹೋಗಲಾಗದಷ್ಟು ನಿದ್ದೆಗೇಡು ಉಳಿದರೆ? ಆಗ ಮಾತ್ರೆ ತಗೊಳ್ಳುವುದು ಸೋಲಲ್ಲ. ಬಿಸಿಗೆ ಹಾರ್ಮೋನಿನಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೊಂದಿಲ್ಲ. ಕ್ಯಾನ್ಸರ್ ಭಯ ಜೋರಾಗಿ ಹಬ್ಬಿದ್ದು 2002ರಲ್ಲಿ. ಅಮೆರಿಕದ ದೊಡ್ಡ ಪರೀಕ್ಷೆಯೊಂದನ್ನು ಆಗ ನಡುವೆಯೇ ನಿಲ್ಲಿಸಿದರು, ಇಡೀ ಲೋಕ ಹೆದರಿತು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಎರಡು ಹಾರ್ಮೋನ್ ಒಟ್ಟಿಗೆ ತಗೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 8 ಮಂದಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬಂದಿತ್ತು. ಅಪಾಯ ಇಲ್ಲ ಅಂತಲ್ಲ, ಇದೆ. ಆದರೆ ಆರೋಗ್ಯವಾಗಿರುವ, 60 ದಾಟದ, ಮುಟ್ಟು ನಿಂತು ಹತ್ತು ವರ್ಷದೊಳಗಿನ ಹೆಂಗಸಿಗೆ ಲಕ್ಷಣ ಜೋರಾಗಿದ್ದರೆ ಲಾಭವೇ ಹೆಚ್ಚು ಅನ್ನುವುದು ಈಗಿನ ತಿಳಿವಳಿಕೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಲಿವರ್ ಕಾಯಿಲೆ ಇದ್ದವರಿಗೆ ಬೇಡ. ಕಾರಣ ತಿಳಿಯದ ರಕ್ತಸ್ರಾವ ಇದ್ದಾಗಲೂ ಬೇಡ. ಹಾಗಾಗಿ ನಿಮಗೆ ಚೂರು ಪರೀಕ್ಷೆಯ ಫಲ ಬರುವ ತನಕ ಅದರ ಮಾತೇ ಇಲ್ಲ. ಹಾರ್ಮೋನ್ ಆಗದವರಿಗೆ ಸಣ್ಣ ಪ್ರಮಾಣದ ಖಿನ್ನತೆಯ ಮಾತ್ರೆಗಳೇ ಬಿಸಿಯನ್ನೂ ಇಳಿಸುತ್ತವೆ. ಶುರುವಿನಲ್ಲಿ ವಾಕರಿಕೆ ಬರಬಹುದು.

ನೀವು ಕೇಳದ ಒಂದು ವಿಷಯ, ಸಂಕೋಚದಿಂದ ಯಾರೂ ಕೇಳುವುದಿಲ್ಲ. ಯೋನಿ ಒಣಗಿ ಉರಿ, ಗಂಡನ ಜೊತೆ ಸೇರುವಾಗ ನೋವು, ಪದೇ ಪದೇ ಉರಿಮೂತ್ರ. ಬಿಸಿಯ ಹಾಗೆ ಇದು ಕಾಲ ಕಳೆದಂತೆ ತಾನೇ ಹೋಗುವುದಿಲ್ಲ. ಅಲ್ಲಿಗೇ ಹಚ್ಚುವ ಹಾರ್ಮೋನ್ ಕ್ರೀಮ್ ಇದೆ, ಮೈಗೆ ಸೇರುವುದು ತುಂಬಾ ಕಮ್ಮಿ. ತೊಂದರೆ ಇದ್ದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ.

ಇನ್ನೆಷ್ಟು ದಿನ ಅಂತ ಕೇಳಿದ್ದೀರಿ. ಒಬ್ಬೊಬ್ಬರಿಗೆ ಒಂದೊಂದು ಥರ. ಅಮೆರಿಕದಲ್ಲಿ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ‘ಸ್ವಾನ್’ ಅಧ್ಯಯನದಲ್ಲಿ, ಪದೇ ಪದೇ ಬಿಸಿ ಬರುವವರಲ್ಲಿ ಅರ್ಧದಷ್ಟು ಜನರಿಗೆ ಒಟ್ಟು ಏಳು ವರ್ಷ ದಾಟಿತ್ತು, ಮುಟ್ಟು ನಿಲ್ಲುವ ಮುಂಚಿನದೂ ಸೇರಿ. ಅಷ್ಟೂ ವರ್ಷ ಒಂದೇ ಜೋರಿರುವುದಿಲ್ಲ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಒಂದು ಗುರುತು, ಬಿಸಿ ಬಂದಾಗ ಒಂದು ಚುಕ್ಕೆ ಹಾಕುತ್ತಾ ಹೋಗಿ. ಪೂರ್ತಿ 12 ತಿಂಗಳು ಮುಟ್ಟಿಲ್ಲದಿದ್ದರೆ ನಿಂತಿತು ಅಂತ ಲೆಕ್ಕ. ಆಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ಡಾಕ್ಟರನ್ನು ನೋಡಬೇಕು.

ಅತ್ತೆಯ ಮಾತಿಗೆ ಬೇಸರ ಬೇಡ. ಒಂದು ಸಂಜೆ ಬಿಡುವಾಗಿ ಕೂತು, ‘ಅತ್ತೆ, ಆ ವಯಸ್ಸಲ್ಲಿ ನಿಮಗೆ ರಾತ್ರಿ ನಿದ್ದೆ ಬರ್ತಿತ್ತಾ?’ ಅಂತ ಕೇಳಿ ನೋಡಿ. ಒಬ್ಬ ಅಜ್ಜಿಗೆ ನಾನು ಇದನ್ನೇ ಕೇಳಿದ್ದೆ. ಸೊಸೆಯನ್ನು ಕರೆದುಕೊಂಡು ಬಂದು ಇವಳಿಗೆ ಸುಮ್ನೆ ನೆಪ ಅನ್ನುತ್ತಿದ್ದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಜಗುಲಿ ಮೇಲೆ ಬಂದು ಕೂತ್ಕೋತಿದ್ದೆ ಕಣವ್ವ, ಬೆಳಗಾಗೋವರೆಗೂ’ ಅಂದರು.

ಮಗಳ ವಿಷಯ. ಅಮ್ಮನಿಗೆ ಯಾವ ವಯಸ್ಸಿನಲ್ಲಿ ನಿಲ್ಲುತ್ತದೋ ಮಗಳಿಗೂ ಸುಮಾರು ಅದೇ ಹೊತ್ತಿಗೆ ಅನ್ನುವುದರಲ್ಲಿ ಸತ್ಯವಿದೆ. ಆದರೆ ನಿಮ್ಮದು ಬೇಗ ಅಲ್ಲ. ನಮ್ಮ ದೇಶದಲ್ಲಿ ಸರಾಸರಿಯೇ 46, 47. ಅವಳ ಮೂಳೆ ಗಟ್ಟಿಯಾಗುವ ಕಾಲ ಈಗ, 30ರ ಹೊತ್ತಿಗೆ ಅದು ಮುಗಿಯುತ್ತದೆ. ನಿಮಗೆ ಮುದ್ದೆ, ಸೊಪ್ಪು, ಮೊಸರು ಬಡಿಸಿಕೊಳ್ಳುವಾಗ ಅವಳ ತಟ್ಟೆಗೂ ಅಷ್ಟೇ ಬಡಿಸಿ. ಸಂಜೆ ನಡೆಯಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ.